ಖಾಲಿ ನಿವೇಶನ ಮತ್ತು ಬಲ್ಲ ಕೈಗಳು

ಹಡಪಸರವೆಂದೊಡನೆ ಇಂದು ಗಾಜಿನ ಗೋಪುರಗಳು ನೆನಪಾಗುತ್ತವೆ. ಆದರೆ ಇದು ಪುಣೆ ಪಟ್ಟಣಕ್ಕೆ ಬಹುಕಾಲ ಕಾಯಿಪಲ್ಲೆ ಉಣಿಸಿದ ನೆಲ. ಖಡಕವಾಸಲಾದಿಂದ ಹರಿದು ಬಂದ ಮುಠಾ ಬಲದಂಡೆ ಕಾಲುವೆಯ ನೀರು ಈ ಹೊಲಗಳನ್ನು ತೋಯಿಸಿತು. ನೆರೆಯ ಮಾಂಜರಿಯಲ್ಲಿ ಮಹಾತ್ಮ ಜ್ಯೋತಿಬಾ ಫುಲೆಯವರ ಬೇಸಾಯವಿತ್ತು. 1882ರಲ್ಲಿ ಹಂಟರ್ ಆಯೋಗಕ್ಕೆ ಸಲ್ಲಿಸಿದ ಮನವಿಯಲ್ಲಿ ಅವರು ತಮ್ಮನ್ನು ವ್ಯಾಪಾರಿ, ಕೃಷಿಕ ಮತ್ತು ನಗರಸಭೆಯ ಸದಸ್ಯನೆಂದು ಪರಿಚಯಿಸಿಕೊಂಡರು. ಬೆಳೆ, ಮಾರಾಟ, ನಗರಾಡಳಿತ ಮೂರೂ ಒಬ್ಬರ ಅನುಭವದಲ್ಲಿ ಕೂಡಿದ್ದ ಆ ದಿನಗಳಿಂದ ನಾವು ಬಹುದೂರ ಬಂದಿದ್ದೇವೆ.

2000ದ ಸುಮಾರಿಗೆ ಮಗರಪಟ್ಟಾದ ಸುಮಾರು 120 ರೈತ ಕುಟುಂಬಗಳು 400 ಎಕರೆಯಷ್ಟು ಭೂಮಿಯನ್ನು ಬಿಲ್ಡರರಿಗೆ ಮಾರದೆ, ತಾವೇ ಪಾಲುದಾರರಾಗಿ ಉಪನಗರ ಕಟ್ಟಲು ಮುಂದಾದವು. ನೆಲದೊಡೆಯನಿಗೆ ನ್ಯಾಯ ದೊರೆಯಿತು. ಅದು ಸಣ್ಣ ಮಾತಲ್ಲ. ಆದರೆ ನೆಲವೇ ಇಲ್ಲದವನ ಪಾಲೇನು? ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಒಣಬೇಸಾಯ ಬಿಟ್ಟು ಬಂದ ನಮ್ಮವರು ಅನೇಕರು. ಮಡಿ ಕಟ್ಟುವುದು, ಕಳೆ ತೆಗೆಯುವುದು, ಮೆಂತ್ಯ-ಪುಂಡಿಪಲ್ಯ ಬೆಳೆಯುವುದು ಅವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ನಗರಕ್ಕೆ ಬೇಕಾದುದು ಮಾತ್ರ ಅವರ ಹೆಗಲು.

ದೊಡ್ಡ ಬಡಾವಣೆಗಳ ನಕ್ಷೆ ಒಪ್ಪುವಾಗ ಸಾರ್ವಜನಿಕ ಸೌಲಭ್ಯಕ್ಕೆಂದು ಜಾಗ ಬಿಡಿಸಿಕೊಳ್ಳುವ ನಿಯಮವಿದೆ. ಇಂಥ ನಿವೇಶನಗಳನ್ನು ದೀರ್ಘಾವಧಿ ಗುತ್ತಿಗೆಗೆ ಕೊಡುವ ಪ್ರಸ್ತಾಪ 2021ರಲ್ಲಿ ಪುಣೆ ಮಹಾನಗರಪಾಲಿಕೆಯಲ್ಲಿ ಬಂದಾಗ ನಾಗರಿಕರು ಪ್ರತಿಭಟಿಸಿದರು. ಆ ಪ್ರತಿಭಟನೆ ಯುಕ್ತವೇ. ಆದರೆ ಬೇಡವೆಂದರೆ ಸಾಲದು, ಬದಲಿಗೆ ಏನು ಬೇಕೆಂದೂ ಹೇಳಬೇಕು. ಬಳಕೆಯಿಲ್ಲದೆ ಬಿದ್ದ ಒಂದೆರಡು ನಿವೇಶನಗಳಾದರೂ ಕಾಯಿಪಲ್ಲೆಯ ತೋಟಗಳಾಗಲಿ ಎಂಬುದು ನನ್ನ ಸೂಚನೆ.

ಇದು ಕನಸುಗಾರಿಕೆಯಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಇಂಧನ, ಗೊಬ್ಬರ, ಧಾನ್ಯಗಳ ಆಮದು ಬತ್ತಿದಾಗ, ಕ್ಯೂಬಾದ ಹವಾನಾ ನಗರ ತನ್ನ ಖಾಲಿ ಜಾಗಗಳಲ್ಲಿ ತರಕಾರಿ ಬೆಳೆಯಿತು. ನೆಲ ಕೆಟ್ಟಿದ್ದಲ್ಲಿ ಅಂಚು ಕಟ್ಟಿ, ಮಣ್ಣು-ಕಾಂಪೋಸ್ಟ್ ತುಂಬಿ ಎತ್ತರದ ಮಡಿ ಮಾಡಿದರು; ತೋಟದ ಬಾಗಿಲಲ್ಲೇ ಮಾರಿದರು. ಕಟ್ಟಡದ ಅವಶೇಷ ತುಂಬಿದ ನಮ್ಮ ನಿವೇಶನಗಳಿಗೂ ಅದೇ ದಾರಿ. ನಗರದ ಕಸವನ್ನು ದಶಕಗಳ ಕಾಲ ಹೊತ್ತು ನೊಂದ ಊರುಳಿ ದೇವಾಚಿ, ಫುರಸುಂಗಿಗಳು ನಮ್ಮ ಮಗ್ಗುಲಲ್ಲೇ ಇವೆ. ಹಸಿಕಸ ಅತ್ತ ಹೋಗದೆ ಗೊಬ್ಬರವಾಗಿ ಇತ್ತ ಬಂದರೆ ಆ ಊರವರಿಗೂ ಅಷ್ಟು ಉಪಕಾರ.

ಆದರೆ ಒಂದು ಎಚ್ಚರ ಅಗತ್ಯ. ಭಾನುವಾರದ ಹವ್ಯಾಸಕ್ಕಾಗಿ ಉಳ್ಳವರು ಹಂಚಿಕೊಳ್ಳುವ ಉದ್ಯಾನವಾದರೆ ಈ ಶ್ರಮ ವ್ಯರ್ಥ. ದುಡಿಯುವವರಿಗೆ ಕೆಲವು ವರ್ಷಗಳ ಲಿಖಿತ ಗುತ್ತಿಗೆ, ನೀರಿನ ಸಂಪರ್ಕ, ಅಲ್ಲಿಯೇ ಮಾರುವ ಹಕ್ಕು, ಈ ಮೂರೂ ಇರಬೇಕು. ಒಂದು ತಪ್ಪಿದರೂ ತೋಟ ನಿಲ್ಲದು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಬೆಂಗಳೂರಿನಲ್ಲಿ ಹುಟ್ಟಿ, ಮುಂದೆ ತರಕಾರಿಗೂ ಮಳಿಗೆ ತೆರೆದ ಹಾಪ್‌ಕಾಮ್ಸ್ ನಮಗೆ ಕಲಿಸಿದ್ದೂ ಇದನ್ನೇ: ಬೆಳೆದವನ ಕೈಯಲ್ಲಿ ತಕ್ಕಡಿಯೂ ಇರಬೇಕು.

ಇದು ಕನ್ನಡ ಸಂಘದ ಕೆಲಸವೇ ಎಂದು ಕೇಳುವವರಿದ್ದಾರೆ. ರಾಜ್ಯೋತ್ಸವ, ನಾಟಕ, ಉಪನ್ಯಾಸಗಳು ನಡೆಯಲೇಬೇಕು. ಆದರೆ ಆ ಸಭೆಗಳ ಕುರ್ಚಿಗಳಲ್ಲಿ ಕಟ್ಟಡದ ಕೂಲಿ ಮಾಡುವ ಕನ್ನಡಿಗನನ್ನು ಕಾಣುವುದು ವಿರಳ. ಅವನಿದ್ದಲ್ಲಿಗೆ ನಾವು ಹೋಗಲು ತೋಟವೂ ಒಂದು ದಾರಿ. ಅದನ್ನು ಕನ್ನಡಿಗರಿಗೆಂದು ಮಾತ್ರ ಕೇಳುವುದು ಬೇಡ. ನೆರೆಯ ಮರಾಠಿ ಕಷ್ಟಜೀವಿಗಳೊಡನೆ ಕೂಡಿ ಕೇಳೋಣ. ಅರ್ಜಿ ಮರಾಠಿಯಲ್ಲಿರಲಿ, ಅದರ ಕೆಳಗೆ ನಮ್ಮ ಸಹಿಗಳೂ ಇರಲಿ.