ನಾಲ್ಕು ಬದಿ ಅಳೆದರೆ ಹೊಲ ಅಳೆದಂತಾಯಿತೇ?

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಸುತ್ತ ನಾಲ್ಕೂ ಮೂಲೆ ನೆಟ್ಟಗಿರುವ ಹೊಲ ಹುಡುಕುವುದು ಕಷ್ಟ. ಬಂಡೆಗುಡ್ಡ ಒತ್ತಿಕೊಂಡು ಬಂದ ಕಡೆ ಬದು ವಾರೆಯಾಗಿದೆ. ಹಳ್ಳ ಹರಿದ ಕಡೆ ಒಂದು ಮೂಲೆ ಚೂಪಾಗಿದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಕಡೆ ಇನ್ನೊಂದು ಮೂಲೆ ಎಳೆದಂತಾಗಿದೆ. ಶೇಂಗಾ, ಜೋಳ ಬೆಳೆಯುವ ಇಂಥ ತುಂಡುಗಳಿಗೆ ಬದಿ ನಾಲ್ಕಿದ್ದರೂ ಅವು ಆಯತವಲ್ಲ, ಚೌಕವಲ್ಲ, ವಜ್ರಾಕೃತಿಯೂ ಅಲ್ಲ. ಪಠ್ಯಪುಸ್ತಕ ಹೆಸರಿಟ್ಟು ಕರೆಯದ ಬರೀ ಚತುರ್ಭುಜಗಳು.

ಈ ಹೊಲಗಳ ನಡುವೆ ನಡೆದು ಶಾಲೆಗೆ ಬರುವ 8ನೇ ತರಗತಿಯ ಹುಡುಗಿಗೆ ಚತುರ್ಭುಜದ ಪಾಠ ಸಿಗುವುದು ಒಂದು ಕೋಷ್ಟಕವಾಗಿ. ಎಡಗಡೆ ತ್ರಾಪಿಜ್ಯ, ಸಮಾಂತರ ಚತುರ್ಭುಜ, ವಜ್ರಾಕೃತಿ, ಆಯತ, ಚೌಕ, ಗಾಳಿಪಟ. ಮೇಲ್ಗಡೆ ಅಭಿಮುಖ ಬಾಹುಗಳು ಸಮವೇ, ಕರ್ಣಗಳು ಅರ್ಧಿಸುತ್ತವೆಯೇ, ಲಂಬವಾಗಿ ಛೇದಿಸುತ್ತವೆಯೇ ಎಂಬ ಪ್ರಶ್ನೆಗಳು. ಮನೆಗಳಲ್ಲಿ ಹೌದು, ಅಲ್ಲ ತುಂಬಬೇಕು. ಪರೀಕ್ಷೆಗೆ ಅದು ಸಾಕು. ಒಂದು ಅಂಕದ ಪ್ರಶ್ನೆ ಬಂದೇ ಬರುತ್ತದೆ. ತಿಂಗಳೊಳಗೆ ಪಾಠ ಮುಗಿಸಬೇಕಾದ ಶಿಕ್ಷಕರು ಈ ದಾರಿ ಹಿಡಿದರೆ ತಪ್ಪು ಅವರದಲ್ಲ. ಆದರೆ ಆ ಕೋಷ್ಟಕದ ಒಂದೊಂದು ಮನೆಯೂ ಒಂದು ಪ್ರಶ್ನೆಗೆ ಸಿಕ್ಕ ಉತ್ತರ. ಪ್ರಶ್ನೆಯೇ ಗೊತ್ತಿಲ್ಲದ ಮಗುವಿಗೆ ಉತ್ತರ ಮಾತ್ರ ಕೊಡುತ್ತಿದ್ದೇವೆ.

ಆ ಪ್ರಶ್ನೆ ಇದು: ನಾಲ್ಕು ಬದಿಗಳ ಉದ್ದ ಗೊತ್ತಾದರೆ ಆಕೃತಿ ಗೊತ್ತಾಗುತ್ತದೆಯೇ? ತ್ರಿಭುಜದಲ್ಲಿ ಮೂರು ಬದಿ ಗೊತ್ತಾದರೆ ಮುಗಿಯಿತು, ಅದು ಇನ್ನು ಅಲುಗುವುದಿಲ್ಲ. ಚತುರ್ಭುಜ ಹಾಗಲ್ಲ. ಹಗ್ಗ ಸಡಿಲಾದ ಹೊರಸು ಓರೆಯಾಗಿ ನಿಲ್ಲುವುದನ್ನು ನೋಡದ ಮಕ್ಕಳು ಈ ಸೀಮೆಯಲ್ಲಿ ಕಡಿಮೆ. ಚೌಕಟ್ಟಿನ ನಾಲ್ಕೂ ಕಟ್ಟಿಗೆ ಮೊದಲಿನಷ್ಟೇ ಉದ್ದ ಇವೆ, ಆಕಾರ ಮಾತ್ರ ಬೇರೆಯಾಗಿದೆ. ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೆದರೆ ಅದು ಮತ್ತೆ ಅಲುಗುವುದಿಲ್ಲ. ಆ ಪಟ್ಟಿಯೇ ಕರ್ಣ. ಕೋಷ್ಟಕದ ಅರ್ಧದಷ್ಟು ಮನೆಗಳು ಕರ್ಣದ ಬಗ್ಗೆಯೇ ಏಕಿವೆ ಎಂಬುದು ಅಲ್ಲಿ ತಿಳಿಯುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಲು ಖರ್ಚೇ ಇಲ್ಲ. ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಜೊತೆ ಕೆಲಸ ಮಾಡಲು 1978ರಲ್ಲಿ ಹೋದ ಎಂಜಿನಿಯರ್ ಅರವಿಂದ ಗುಪ್ತಾ, ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್‌ಟ್ಯೂಬಿನ ತುಂಡುಗಳಿಂದ ಜೋಡಿಸಿ ಆಕೃತಿ ಕಟ್ಟುವುದನ್ನು ದೇಶಕ್ಕೆಲ್ಲ ಕಲಿಸಿದರು. ಮೂರು ಕಡ್ಡಿಯ ಆಕೃತಿ ಗಟ್ಟಿ. ನಾಲ್ಕು ಕಡ್ಡಿಯದನ್ನು ಬೆರಳಲ್ಲಿ ತಳ್ಳಿದರೆ ಚೌಕ ಹೋಗಿ ವಜ್ರಾಕೃತಿ ಆಗುತ್ತದೆ. ತಳ್ಳುವಾಗ ಯಾವುದು ಬದಲಾಯಿತು, ಯಾವುದು ಹಾಗೇ ಉಳಿಯಿತು ಎಂದು ಕೇಳಿ ನೋಡಿ. ಬಾಹುಗಳು ಸಮವಾಗಿಯೇ ಉಳಿದವು, ಕರ್ಣಗಳು ಲಂಬವಾಗಿಯೇ ಉಳಿದವು, ಆದರೆ ಒಂದು ಕರ್ಣ ಹಿಗ್ಗಿತು, ಇನ್ನೊಂದು ಕುಗ್ಗಿತು. ಕೋಷ್ಟಕದ ಎರಡು ಸಾಲುಗಳನ್ನು ಮಕ್ಕಳೇ ತುಂಬಿದಂತಾಯಿತು.

ಹೊಲಕ್ಕೇ ಬರೋಣ. ಸರ್ವೆಯ ಗುಂಟರ್ ಸರಪಳಿ 66 ಅಡಿ. ನಾಲ್ಕೂ ಬದಿ ಒಂದೊಂದು ಸರಪಳಿ ಇರುವ ಚೌಕದ ವಿಸ್ತೀರ್ಣ 4,356 ಚದರ ಅಡಿ, ಅಂದರೆ ಸರಿಯಾಗಿ 10 ಸೆಂಟ್. ಈ ಭಾಗ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಸೆಂಟ್ ಲೆಕ್ಕ ಇಲ್ಲಿನವರಿಗೆ ಹೊಸತಲ್ಲ; ಗುಂಟೆಯಲ್ಲಿ ಹೇಳಿದರೆ ನಾಲ್ಕು. ಈಗ ಬದಿಗಳನ್ನು ಹಾಗೇ ಇಟ್ಟು ಒಂದು ಮೂಲೆಯನ್ನು 60 ಡಿಗ್ರಿಗೆ ಒತ್ತಿ. ಸುತ್ತಳತೆ ಒಂದಿಷ್ಟೂ ಬದಲಾಗದು, ವಿಸ್ತೀರ್ಣ ಮಾತ್ರ ಸುಮಾರು 3,772 ಚದರ ಅಡಿಗೆ ಇಳಿಯುತ್ತದೆ. 30 ಡಿಗ್ರಿಗೆ ಒತ್ತಿದರೆ ಅರ್ಧಕ್ಕರ್ಧ, ಐದೇ ಸೆಂಟ್. ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಆ ಎರಡು ಸರಾಸರಿಗಳನ್ನು ಗುಣಿಸುವ ಕೈಲೆಕ್ಕ ಇದೆಯಲ್ಲ, ಅದು ಈ ಮೂರೂ ತುಂಡುಗಳಿಗೆ 10 ಸೆಂಟ್ ಎಂದೇ ಹೇಳುತ್ತದೆ. ಮೂಲೆಗಳು ನೆಟ್ಟಗಿಲ್ಲದ ಯಾವ ಹೊಲಕ್ಕೂ ಆ ಲೆಕ್ಕ ಇರುವುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಕೊಳ್ಳುವವನು ಯಾವಾಗಲೂ ಕಳೆದುಕೊಳ್ಳುತ್ತಾನೆ, ಮಾರುವವನು ಯಾವಾಗಲೂ ಗೆಲ್ಲುತ್ತಾನೆ. ಗಣಿತದ ಪಾಠ ಜೀವನಕ್ಕೆ ಹತ್ತಿರವಾಗಬೇಕು ಎಂದು ಭಾಷಣ ಮಾಡುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಈ ಕೈಲೆಕ್ಕ ಹಳೆಯದು. ಬ್ರಹ್ಮಗುಪ್ತ 628ರಲ್ಲೇ ಅದನ್ನು ಸ್ಥೂಲ ಫಲ ಎಂದು ಹೇಳಿ, ಅದರ ಪಕ್ಕದಲ್ಲೇ ಸೂಕ್ಷ್ಮ ಫಲದ ಸೂತ್ರ ಕೊಟ್ಟ. ಆ ಸೂತ್ರವೂ ನಾಲ್ಕು ಶೃಂಗಗಳು ಒಂದೇ ವೃತ್ತದ ಮೇಲಿದ್ದರಷ್ಟೇ ಸರಿ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಕ್ಷೇತ್ರಗಣಿತವನ್ನೇ ವ್ಯಾವಹಾರಿಕ, ಸೂಕ್ಷ್ಮ ಎಂದು ಬೇರೆ ಮಾಡಿದ. 12ನೇ ಶತಮಾನದಲ್ಲಿ ರಾಜಾದಿತ್ಯ ‘ಕ್ಷೇತ್ರಗಣಿತ’ವನ್ನು ಕನ್ನಡದಲ್ಲೇ ಬರೆದ. ಅದೇ ಶತಮಾನದ ಭಾಸ್ಕರಾಚಾರ್ಯನಿಗೆ ಮಾತ್ರ ತಾಳ್ಮೆ ಇರಲಿಲ್ಲ. ಒಂದು ಕರ್ಣವನ್ನೋ ಲಂಬವನ್ನೋ ಹೇಳದೆ ಬರೀ ಬಾಹುಗಳನ್ನು ಕೊಟ್ಟು ಚತುರ್ಭುಜದ ಫಲ ಕೇಳುವವನನ್ನು ‘ಲೀಲಾವತಿ’ಯಲ್ಲಿ ಆತ ಪಿಶಾಚ ಎಂದೇ ಬಯ್ಯುತ್ತಾನೆ. 1150ರಲ್ಲಿ ಬೈಗುಳ ತಿಂದ ಆ ಪ್ರಶ್ನೆ ಇಂದಿಗೂ ಹೊಲದ ಬದುವಿನ ಮೇಲೆ ನಿಂತವರು ಕೇಳುವ ಪ್ರಶ್ನೆಯೇ.

ಹಾಗಿರುವಾಗ ನಾವು ಮಾಡಿರುವುದೇನು? ನಾಲ್ಕು ಬಾಹು ಮತ್ತು ಒಂದು ಕರ್ಣ, ಮೂರು ಬಾಹು ಮತ್ತು ಎರಡು ಕರ್ಣ, ಎರಡು ಪಾರ್ಶ್ವ ಬಾಹು ಮತ್ತು ಮೂರು ಕೋನ, ಹೀಗೆ ಐದು ಅಳತೆ ಕೊಟ್ಟರೆ ಚತುರ್ಭುಜವನ್ನು ಸ್ಕೇಲು, ಕೈವಾರ ಹಿಡಿದು ರಚಿಸುವ ಅಧ್ಯಾಯವೊಂದು ಎನ್‌ಸಿಇಆರ್‌ಟಿಯ 8ನೇ ತರಗತಿ ಪುಸ್ತಕದಲ್ಲಿತ್ತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ 2022ರಲ್ಲಿ ಅದನ್ನು ಇಡಿಯಾಗಿ ತೆಗೆಯಲಾಯಿತು. 9ನೇ ತರಗತಿಯಿಂದ ಸಮಾಂತರ ಚತುರ್ಭುಜ, ತ್ರಿಭುಜಗಳ ವಿಸ್ತೀರ್ಣದ ಅಧ್ಯಾಯವೂ ರಚನೆಗಳ ಅಧ್ಯಾಯವೂ ಹೋದವು. ಹೊರೆ ಇಳಿಸಬೇಕಾದದ್ದು ನಿಜ. ಆದರೆ ಇಳಿಸಿದ್ದು ಕೈಯಿಂದ ಮಾಡಿ ಕಲಿಯುವ ಭಾಗವನ್ನು, ಉಳಿಸಿಕೊಂಡದ್ದು ಬಾಯಿಂದ ಒಪ್ಪಿಸುವ ಭಾಗವನ್ನು. ರಾಜ್ಯ ಸರ್ಕಾರ ಅಕ್ಷರ ಫೌಂಡೇಶನ್ ಜೊತೆ ನಡೆಸಿದ ಗಣಿತ ಕಲಿಕಾ ಆಂದೋಲನದ ಸಾಮಗ್ರಿ ಪೆಟ್ಟಿಗೆಯೂ 4, 5ನೇ ತರಗತಿಯ ಮಕ್ಕಳಿಗಾಗಿ ರೂಪಿಸಿದ್ದು. ಮುಟ್ಟಿ ನೋಡುವ ಅಗತ್ಯ 10 ವರ್ಷಕ್ಕೆ ತೀರಿಹೋಗುತ್ತದೆ ಎಂದು ಯಾರು ಹೇಳಿದರು?

ಡಚ್ ಶಿಕ್ಷಕ ದಂಪತಿ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ 1957ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಗಳಲ್ಲಿ ಇದರ ಉತ್ತರ ಇದೆ. ರೇಖಾಗಣಿತದಲ್ಲಿ ಮಗು ಹಂತ ಹಂತವಾಗಿ ಮೇಲೇರುತ್ತದೆ. ಮೊದಲು ಆಕೃತಿಯನ್ನು ನೋಟದಿಂದ ಗುರುತಿಸುತ್ತದೆ. ಆಮೇಲೆ ಗುಣಗಳನ್ನು ಬಿಡಿಬಿಡಿಯಾಗಿ ಕಾಣುತ್ತದೆ. ಯಾವ ಗುಣದಿಂದ ಯಾವ ಗುಣ ಹುಟ್ಟುತ್ತದೆ ಎಂದು ಕಾಣುವುದು ಅದಾದ ಮೇಲೆ. ಹಂತ ದಾಟಿಸುವುದು ವಯಸ್ಸಲ್ಲ, ಕಲಿಸುವ ಕ್ರಮ. ಚೌಕವನ್ನು ಮೂಲೆ ಮೇಲೆ ನಿಲ್ಲಿಸಿ ಬರೆದರೆ ‘ಇದು ಚೌಕವಲ್ಲ’ ಎನ್ನುವ ಹುಡುಗ ಮೊದಲ ಹಂತದಲ್ಲಿದ್ದಾನೆ. ಅವನಿಗೆ ‘ಪ್ರತಿ ಚೌಕವೂ ಆಯತ, ಪ್ರತಿ ಆಯತವೂ ಚೌಕವಲ್ಲ’ ಎಂಬ ಮೂರನೇ ಹಂತದ ವಾಕ್ಯ ಬರೆಸಿದರೆ ಅದು ಮಂತ್ರವಾಗಿಯೇ ಉಳಿಯುತ್ತದೆ. ಚೌಕವನ್ನು ಆಯತ ಎನ್ನಲು ಒಪ್ಪದ ಮಕ್ಕಳನ್ನು ದಡ್ಡರೆನ್ನುವ ಮೊದಲು ಒಂದು ನೆನಪಿರಲಿ. ಯೂಕ್ಲಿಡ್‌ನ ವ್ಯಾಖ್ಯೆಗಳಲ್ಲೂ ಚೌಕ ಬೇರೆ, ಆಯತ ಬೇರೆ. ಚೌಕವನ್ನು ಆಯತದೊಳಗೆ ಸೇರಿಸಿಕೊಂಡದ್ದು ಅನುಕೂಲಕ್ಕಾಗಿ: ಆಯತಕ್ಕೆ ಒಮ್ಮೆ ಸಾಧಿಸಿದ್ದನ್ನು ಚೌಕಕ್ಕೆ ಮತ್ತೆ ಸಾಧಿಸಬೇಕಿಲ್ಲ. ಈ ಕಾರಣ ಹೇಳಿದರೆ ಮಕ್ಕಳು ಒಪ್ಪುತ್ತಾರೆ. ನಿಯಮ ಎಂದು ಹೇಳಿದರೆ ಬರೆದುಕೊಂಡು ಸುಮ್ಮನಾಗುತ್ತಾರೆ.

ಮೂರನೇ ಹಂತದ ಯೋಚನೆ ಮೇಸ್ತ್ರಿಗೆ ದಿನದ ಕೆಲಸ. ಪಾಯಕ್ಕೆ ಸುಣ್ಣದ ಗೆರೆ ಎಳೆಯುವ ಮುನ್ನ ಎದುರುಬದುರು ಬದಿಗಳನ್ನು ಸಮ ಮಾಡಿಕೊಳ್ಳುತ್ತಾನೆ, ಆಮೇಲೆ ಟೇಪನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಹಿಡಿಯುತ್ತಾನೆ. ಎರಡೂ ಅಳತೆ ಒಂದೇ ಬಂದರೆ ಮೂಲೆಗಳು ನೆಟ್ಟಗಿವೆ. ಕೋನಮಾಪಕ ಬೇಕಿಲ್ಲ. ಇಲ್ಲಿ ಬದಿಗಳ ಅಳತೆಯನ್ನು ಬಿಟ್ಟು ಕರ್ಣಗಳನ್ನಷ್ಟೇ ನೋಡಿದರೆ ಮೋಸಹೋಗಬಹುದು, ಏಕೆಂದರೆ ಸಮದ್ವಿಬಾಹು ತ್ರಾಪಿಜ್ಯದಲ್ಲೂ ಕರ್ಣಗಳು ಸಮವೇ. ‘ಆಯತದ ಕರ್ಣಗಳು ಸಮ’ ಎಂಬುದು ಒಂದು ಮಾತು. ‘ಕರ್ಣಗಳು ಸಮವಿದ್ದರೆ ಅದು ಆಯತವೇ?’ ಎಂಬುದು ಬೇರೆಯೇ ಪ್ರಶ್ನೆ. ಹೇಳಿಕೆ ಮತ್ತು ಅದರ ವಿಲೋಮದ ಈ ವ್ಯತ್ಯಾಸವನ್ನು ತಿಳಿಸದೆ 9ನೇ ತರಗತಿಯ ಪ್ರಮೇಯಗಳನ್ನು ಬರೆಸುವುದರಲ್ಲಿ ಅರ್ಥವಿಲ್ಲ.

ಇದಕ್ಕೆಲ್ಲ ಹೊಸ ಯೋಜನೆ, ಅನುದಾನ ಕಾಯಬೇಕಿಲ್ಲ. ಕೋಷ್ಟಕ ನಕಲು ಮಾಡಿಸುವ ಎರಡು ಪೀರಿಯಡ್ ಸಾಕು. ಒಂದು ಕಡ್ಡಿ, ವಾಲ್‌ಟ್ಯೂಬಿಗೆ. ಇನ್ನೊಂದು ಶಾಲೆಯ ಬಯಲಿಗೆ: ಮನಸ್ಸಿಗೆ ಬಂದಂತೆ ನಾಲ್ಕು ಕಲ್ಲು ಇಡಿಸಿ, ಪ್ರತಿ ಬದಿಯ ಮಧ್ಯಬಿಂದು ಗುರುತಿಸಿ, ಅವುಗಳನ್ನು ದಾರದಿಂದ ಸೇರಿಸಿದರೆ ಎಷ್ಟೇ ಸೊಟ್ಟ ಆಕೃತಿಯಾದರೂ ಸಮಾಂತರ ಚತುರ್ಭುಜವೇ ಮೂಡುತ್ತದೆ. ಏಕೆ ಎಂದು ಮಕ್ಕಳೇ ಕೇಳುತ್ತಾರೆ, ಮಧ್ಯಬಿಂದು ಪ್ರಮೇಯಕ್ಕೆ ಅಲ್ಲಿಂದಲೇ ದಾರಿ.

ಬದಲಾಗಬೇಕಾದದ್ದು ಪ್ರಶ್ನೆಪತ್ರಿಕೆ. ಅದು ಬದಲಾಗದೆ ಶಿಕ್ಷಕರನ್ನು ಬದಲಾಗಿ ಎನ್ನುವುದು ನ್ಯಾಯವಲ್ಲ. ‘ವಜ್ರಾಕೃತಿಯ ಎರಡು ಗುಣಗಳನ್ನು ಬರೆಯಿರಿ’ ಎಂಬುದರ ಜಾಗದಲ್ಲಿ ಹೀಗೆ ಕೇಳಬಹುದು: ‘ಒಂದು ಹೊಲದ ನಾಲ್ಕೂ ಬದಿ 66 ಅಡಿ ಇವೆ. ಅದು 10 ಸೆಂಟ್ ಎಂದು ಮಾರುವವರು ಹೇಳುತ್ತಾರೆ. ಒಪ್ಪುವ ಮೊದಲು ಇನ್ನೊಂದೇ ಒಂದು ಅಳತೆ ತೆಗೆಯಬಹುದಾದರೆ ಯಾವುದನ್ನು ತೆಗೆಯುವಿರಿ, ಏಕೆ?’ ಎರಡು ಅಂಕ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಗಣಿತ ಶಿಕ್ಷಕರು ಕೂತು ಇಂಥ ಹತ್ತು ಪ್ರಶ್ನೆ ತಯಾರಿಸಿ ಘಟಕ ಪರೀಕ್ಷೆಗೆ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.