ಸವೆದ ಟಯರು, ನೆನೆದ ದಾರಿ: ನೋಡುವವರು ಯಾರು?

ಕಮ್ಮರಡಿ: ಬಸ್ಸು ಬಂತೆಂದರೆ ಜನ ಮೊದಲು ನೋಡುವುದು ಬೋರ್ಡು, ಆಮೇಲೆ ಸೀಟು. ಚಕ್ರದ ಕಡೆ ಕಣ್ಣು ಹಾಯಿಸುವವರು ನೂರಕ್ಕೆ ಒಬ್ಬರೂ ಸಿಗಲಿಕ್ಕಿಲ್ಲ. ಬಯಲುಸೀಮೆಯಲ್ಲಾದರೆ ಹೋಗ್ಲಿ ಅನ್ನಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ದಾರಿಗಳ ಕತೆ ಬೇರೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಟಾರಿನ ಮೇಲೆ ನೀರು, ಗುಡ್ಡದಿಂದ ಇಳಿದ ಕೆಸರು, ಕೊಳೆತ ಎಲೆ. ಇದರ ಮೇಲೆ ಅರವತ್ತು ಜನರನ್ನು ಹೊತ್ತ ಗಾಡಿ ತಿರುವಿನಲ್ಲಿ ನಿಲ್ಲಬೇಕಾದರೆ ಬ್ರೇಕ್ ಒಂದೇ ಸಾಲದು. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ, ಗಾಡಿಯನ್ನು ನಿಲ್ಲಿಸುವುದು ಟಯರು.

ಟಯರಿನ ಮೈಮೇಲಿನ ಗೀರುಗಳು, ನಮ್ಮ ಕಡೆ ಬಟನ್ ಅನ್ನುತ್ತಾರಲ್ಲ, ಅವು ಇರುವುದು ಚಂದಕ್ಕಲ್ಲ. ರಬ್ಬರಿನ ಅಡಿಗೆ ಸಿಕ್ಕ ನೀರು ಅದೇ ಕಾಲುವೆಯಲ್ಲಿ ಹೊರಗೆ ಹರಿದುಹೋಗಬೇಕು. ಕಾಲುವೆ ತುಂಬಿದರೆ ಅಡಿಕೆ ತೋಟ ಏನಾಗುತ್ತದೆ ಎಂದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಟಯರಿಗೂ ಅದೇ ಗತಿ. ಬೇಸಗೆಯಲ್ಲಿ ಬೋಳು ಟಯರೂ ಒಣ ಟಾರನ್ನು ಚೆನ್ನಾಗಿಯೇ ಹಿಡಿಯುತ್ತದೆ, ಅದರಿಂದಲೇ ಮೋಸ. ಏಪ್ರಿಲಿನಲ್ಲಿ ‘ಇನ್ನೂ ಓಡ್ತದೆ ಬಿಡಿ’ ಅನ್ನಿಸಿಕೊಂಡ ಟಯರು ಜೂನಿನಲ್ಲಿ ಕೈಕೊಡುತ್ತದೆ.

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 94ನೇ ನಿಯಮ ಟಯರಿನದ್ದೇ. ಬಸ್ಸು, ಲಾರಿ, ಕಾರಿಗೆ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಇರಕೂಡದು. ಬೈಕು, ಆಟೋಗಳಿಗೆ 0.8. ಅಳತೆ ಕಡ್ಡಿಯೂ ಬೇಡ. ಟಯರಿನ ಅಂಚಿನಲ್ಲಿ ‘ಟಿ.ಡಬ್ಲ್ಯು.ಐ.’ ಎಂಬ ಅಕ್ಷರವೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಗೀರಿನೊಳಗೆ ಒಂದು ಚಿಕ್ಕ ದಿಬ್ಬ. ಸವೆದು ಸವೆದು ಮೇಲಿನ ರಬ್ಬರು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಟಯರಿನ ಆಯುಷ್ಯ ತೀರಿತು. ಬಸ್ಸು ಸ್ಟ್ಯಾಂಡಿನಲ್ಲಿ ನಿಂತ ಐದು ನಿಮಿಷದಲ್ಲಿ ಯಾವ ಪ್ರಯಾಣಿಕನಾದರೂ ಇದನ್ನು ನೋಡಬಹುದು.

ಆದರೆ ಕಾನೂನಿನ ಕಣ್ಣು ಬೀಳುವುದು ಯಾವಾಗ? ಬಾಡಿಗೆ ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್.ಸಿ., ಆಮೇಲೆ ವರ್ಷಕ್ಕೊಮ್ಮೆ. ಆ ದಿನ ಗಾಡಿ ಮದುಮಗನ ಹಾಗೆ ಹೋಗುತ್ತದೆ. ಎಫ್.ಸಿ.ಗೆಂದೇ ಒಳ್ಳೆ ಟಯರು ಹಾಕಿಸಿ, ಮಾರನೇ ದಿನ ಹಳೇದನ್ನೇ ಏರಿಸುವ ಜಾಣತನ ಈ ಕಸುಬಿನಲ್ಲಿ ಗುಟ್ಟೇನಲ್ಲ. ಬದಲಿಸದಿದ್ದರೂ ಅಷ್ಟೆ: ಜನವರಿಯಲ್ಲಿ ಪಾಸಾದ ಟಯರು ಜುಲೈಗೆ ಪಾಸಾಗಿಯೇ ಇರುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ?

ಹಿಂದೆ ನೋಡುವ ಕಣ್ಣುಗಳಿದ್ದವು. ಪ್ರತಿ ಬಸ್ಸಿಗೂ ಒಬ್ಬ ಕ್ಲೀನರ್. ಬಸ್ಸು ನಿಂತಲ್ಲೆಲ್ಲ ಇಳಿದು ಲಿವರಿನಿಂದ ಟಯರು ಬಡಿದು ಶಬ್ದ ಕೇಳುತ್ತಿದ್ದ. ಟಣ್ ಅಂದರೆ ಸರಿ, ದಬ್ ಅಂದರೆ ಗಾಳಿ ಇಲ್ಲ. ಹಿಂದಿನ ಜೋಡಿ ಚಕ್ರಗಳ ನಡುವೆ ಜಲ್ಲಿ ಕಲ್ಲು ಸಿಕ್ಕಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಒಳಗಿನ ಟಯರಿನ ಗಾಳಿ ಹೋದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಇಬ್ಬರ ಭಾರ ಒಬ್ಬನೇ ಹೊತ್ತು, ಕಾದು ಕಾದು ಹೊರಗಿನದ್ದೂ ಸಿಡಿಯುತ್ತದೆ. ಸಂಬಳ ಉಳಿಸಲಿಕ್ಕೆ ಕ್ಲೀನರನನ್ನು ಇಳಿಸಿದ ಬಸ್ಸುಗಳಲ್ಲಿ ಅವನ ಕೆಲಸವನ್ನು ಯಾರ ಹೆಗಲಿಗೂ ಹಾಕಲಿಲ್ಲ.

ಇನ್ನೊಂದು ಕಣ್ಣು ಕೊಪ್ಪದಲ್ಲೇ ಇತ್ತು. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಮುಚ್ಚಿದಾಗ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ. ಡ್ರೈವರೂ ಸದಸ್ಯ, ಕಂಡಕ್ಟರೂ ಸದಸ್ಯ, ಮೆಕ್ಯಾನಿಕ್ಕೂ ಸದಸ್ಯ. ಟಯರಿನ ಖರ್ಚು ಎಲ್ಲರ ಜೇಬಿನದ್ದು, ಸ್ಟೇರಿಂಗ್ ಹಿಡಿದವನ ಜೀವವೂ ಅದೇ ಸಂಘದ್ದು. ಡೀಸೆಲ್, ತೆರಿಗೆ, ವಿಮೆಯ ಹೊರೆ ತಾಳಲಾರದೆ 2020ರ ಫೆಬ್ರವರಿಯಲ್ಲಿ ಅದು ನಿಂತಿತು. ಜನ ಕಳೆದುಕೊಂಡದ್ದು ಬಸ್ಸುಗಳನ್ನು ಮಾತ್ರವಲ್ಲ. ಒಂದೇ ಸೂರಿನಡಿ ನಡೆಯುತ್ತಿದ್ದ ಗಾಡಿಗಳ ಆರೈಕೆಯನ್ನೂ ಕಳೆದುಕೊಂಡರು. ಬಸ್ಸು ಕಮ್ಮಿಯಾದ ಹಳ್ಳಿಗಳಲ್ಲಿ ಜನಕ್ಕೆ ಈಗ ಜೀಪು, ಆಟೋ, ಪಿಕಪ್ಪು, ಸ್ವಂತ ಬೈಕೇ ಗತಿ. ಒಬ್ಬೊಬ್ಬ ಮಾಲೀಕನಿಗೆ ಒಂದೊಂದು ಗಾಡಿ, ಒಂದೊಂದು ಲೆಕ್ಕಾಚಾರ.

ಆ ಲೆಕ್ಕಾಚಾರದಲ್ಲಿ ಮೊದಲು ಕತ್ತರಿ ಬೀಳುವುದು ಟಯರಿಗೇ. ಡೀಸೆಲ್ ಇಲ್ಲದೆ ಗಾಡಿ ಓಡದು, ಸವೆದ ಟಯರಿನಲ್ಲಿ ಓಡುತ್ತದೆ. ನರಸಿಂಹರಾಜಪುರದ ತೋಟಗಳಲ್ಲಿ ರಬ್ಬರ್ ಹಾಲು ಇಳಿಯುತ್ತದೆ, ದೇಶದ ರಬ್ಬರಿನಲ್ಲಿ ಹೆಚ್ಚಿನ ಪಾಲು ಹೋಗುವುದು ಟಯರ್ ಕಾರ್ಖಾನೆಗೆ; ತಿರುಗಿ ಬರುವಾಗ ಅದರ ಬೆಲೆ ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಟಯರಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ, ಟ್ರ್ಯಾಕ್ಟರ್ ಟಯರಿನದ್ದು 5ಕ್ಕೆ ಇಳಿಯಿತು. ಅಷ್ಟರಮಟ್ಟಿಗೆ ನೆಪ ಒಂದು ಕಮ್ಮಿಯಾಯಿತು. ರೀಸೋಲ್ ಟಯರೆಂದರೆ ಹೆದರಬೇಕಿಲ್ಲ. ಕೆ.ಎಸ್.ಆರ್.ಟಿ.ಸಿ.ಯೇ ತನ್ನ ಘಟಕಗಳಲ್ಲಿ ಹಳೇ ಟಯರಿಗೆ ಹೊಸ ಮೈ ಹಾಕಿಸಿ ಓಡಿಸುತ್ತದೆ. ಆದರೆ ಒಳಮೈ ಗಟ್ಟಿ ಇರಬೇಕು. ಬಸ್ಸು, ಲಾರಿಗಳಲ್ಲಿ ಅದು ಹಿಂದಕ್ಕಿರಲಿ, ಮುಂದಿನ ಚಕ್ರಕ್ಕೆ ಹೊಸದೇ ಇರಲಿ ಎಂಬುದು ಅನುಭವಸ್ಥ ಡ್ರೈವರುಗಳ ನಿಯಮ.

ಖರ್ಚೇ ಇಲ್ಲದ ಔಷಧಿ ಗಾಳಿ. ಅದರಲ್ಲೂ ಸೋಮಾರಿತನ. ಗ್ರಿಪ್ ಸಿಗಲಿ ಎಂದು ಗಾಳಿ ಇಳಿಸುವವರಿದ್ದಾರೆ, ಲೋಡ್ ಇದೆಯೆಂದು ಕಲ್ಲಿನ ಹಾಗೆ ತುಂಬಿಸುವವರೂ ಇದ್ದಾರೆ. ಕೆಸರಿನ ಗದ್ದೆ ದಾರಿಗೆ ಇಳಿಸಿದ್ದು ಸರಿ ಇರಬಹುದು, ಅದೇ ಗಾಳಿಯಲ್ಲಿ ಅಡಿಕೆ ಮೂಟೆ ಹೇರಿ ಕೆರೆಕಟ್ಟೆ ದಾಟಿ ಕಾರ್ಕಳದ ಕಡೆ ಇಳಿದರೆ ಟಯರಿನ ಪಕ್ಕೆ ಮಡಚಿ ಮಡಚಿ ಕಾಯುತ್ತದೆ. ಸವೆತವೇ ಕತೆ ಹೇಳುತ್ತದೆ: ಎರಡೂ ಅಂಚು ಸವೆದರೆ ಗಾಳಿ ಕಮ್ಮಿ, ನಡು ಸವೆದರೆ ಹೆಚ್ಚು, ಒಂದೇ ಬದಿ ಸವೆದರೆ ಅಲೈನ್‌ಮೆಂಟ್ ತಪ್ಪಿದೆ. ಎಷ್ಟು ಗಾಳಿ ಎಂಬುದು ಕಾರಿನಲ್ಲಾದರೆ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲೇ ಇರುತ್ತದೆ. ನೋಡಬೇಕಾದ್ದು ಬೆಳಿಗ್ಗೆ, ಟಯರು ತಣ್ಣಗಿರುವಾಗ.

ಮಲೆನಾಡಿನ ದೊಡ್ಡ ಶತ್ರು ಮೊಳೆಯಲ್ಲ, ರಸ್ತೆಯ ಅಂಚು. ಕಿರಿದಾದ ದಾರಿಯಲ್ಲಿ ಎದುರು ಗಾಡಿ ಬಂದರೆ ಒಂದು ಬದಿಯ ಚಕ್ರ ಟಾರಿನಿಂದ ಇಳಿಯಲೇಬೇಕು. ಮಣ್ಣು ಕೊಚ್ಚಿಹೋದ ಕಡೆ ಟಾರಿನ ಅಂಚು ಕತ್ತಿಯ ಹಾಗೆ. ಇಳಿದು ಹತ್ತುವಾಗ ಸೀಳುವುದು ಟಯರಿನ ಪಕ್ಕೆಯನ್ನು, ಅಲ್ಲಿ ಪಂಕ್ಚರ್ ಹಾಕಿದರೆ ನಿಲ್ಲುವುದಿಲ್ಲ. ಇದನ್ನು ಯೋಚಿಸಿದರೆ ಸರ್ಕಾರ 2020ರಲ್ಲಿ ತಂದ ತಿದ್ದುಪಡಿ ಇಲ್ಲಿಗೆ ಒಗ್ಗುವುದಿಲ್ಲ. ಟ್ಯೂಬ್‌ಲೆಸ್ ಟಯರು, ಗಾಳಿ ಕಮ್ಮಿಯಾದರೆ ಎಚ್ಚರಿಸುವ ಯಂತ್ರ, ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲವಂತೆ. ಕಿಟ್ಟು ಮೊಳೆ ತೂತಿಗೆ ಸರಿ, ಸೀಳಿದ ಪಕ್ಕೆಗೆ ಏನು ಮಾಡೀತು? ಫೋನಿಗೆ ಸಿಗ್ನಲ್ಲೂ ಸಿಗದ ಕಾಡಿನ ದಾರಿಯಲ್ಲಿ ಸ್ಟೆಪ್ನಿ ಇಲ್ಲದ ಕಾರು ಶೋಕಿಯ ಸಾಮಾನು ಅಷ್ಟೆ. ಇದ್ದವರಾದರೂ ಅದಕ್ಕೆ ಗಾಳಿ ಹೊಡೆಸಿ ಎಷ್ಟು ತಿಂಗಳಾಯಿತು?

ಸಾರಿಗೆ ಇಲಾಖೆ ಮನಸ್ಸು ಮಾಡಿದರೆ ಕೆಲಸ ದೊಡ್ಡದಲ್ಲ. ಮೇ ಕೊನೆಯ ವಾರ, ಶಾಲೆ ಶುರುವಾಗುವ ಮುಂಚೆ, ಮೂರೂ ತಾಲ್ಲೂಕಿನ ಬಸ್ ಸ್ಟ್ಯಾಂಡುಗಳಲ್ಲಿ ಒಂದೊಂದು ದಿನ ನಿಂತು ಟಯರು ಮಾತ್ರ ನೋಡಲಿ. ಲೈಸೆನ್ಸು, ಕಾಗದ, ಹೆಲ್ಮೆಟ್ಟು ಆ ದಿನ ಬೇಡ. ಮಕ್ಕಳನ್ನು ತುಂಬಿಕೊಂಡು ಹೋಗುವ ಆಟೋ, ವ್ಯಾನುಗಳಿಂದಲೇ ಆರಂಭಿಸಲಿ. ದಿಬ್ಬದ ಮಟ್ಟಕ್ಕೆ ಸವೆದ ಟಯರು ಸಿಕ್ಕರೆ ದಂಡದ ರಸೀದಿ ಕೊಟ್ಟು ಬಿಟ್ಟು ಕಳಿಸುವುದಲ್ಲ, ಟಯರು ಬದಲಾಗುವ ತನಕ ಗಾಡಿ ಸ್ಟ್ಯಾಂಡಿನಲ್ಲೇ ನಿಲ್ಲಲಿ.