ಅಂಗಡಿ ಮುಂದಿನ ಚೀಟು, ಬಾಯೊಳಗಿನ ಬಿಳಿ ಕಲೆ: ಕ್ಯಾನ್ಸರ್ ಬಗ್ಗೆ ನಮ್ಮ ತಾಲ್ಲೂಕಿನವರು ತಿಳಿಯಬೇಕಾದ್ದು

ಕಡಗಂಚಿ (ಆಳಂದ): ಕಲಬುರಗಿ–ಆಳಂದ ರಸ್ತೆಯಲ್ಲಿ ಮುಂಜಾನೆ ಚಾ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡ್ರಿ. ಚಾ ಕುಡಿದವರಲ್ಲಿ ಎಷ್ಟೋ ಮಂದಿ ಪಕ್ಕದ ಪಾನ್ ಶಾಪಿಗೆ ಹೋಗಿ ಎರಡು ಚೀಟು ತಗೋತಾರ. ಒಂದರಾಗ ಪಾನ್ ಮಸಾಲಾ, ಇನ್ನೊಂದರಾಗ ತಂಬಾಕು. ಎರಡನ್ನೂ ಕೂಡಿಸಿ ಬಾಯಿಗೆ ಹಾಕಿದರೆ ಅದೇ ಗುಟ್ಕಾ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಹೆಸರು ಹೋಯಿತು, ಚೀಟು ಎರಡಾಯಿತು, ಚಟ ಹಂಗೇ ಉಳಿಯಿತು.

ಕ್ಯಾನ್ಸರ್ ಅಂದರೆ ನಮ್ಮ ಕಡೆ ಇವತ್ತಿಗೂ ದನಿ ತಗ್ಗಿಸಿ ಮಾತಾಡ್ತಾರ. "ಆ ಬ್ಯಾನಿ" ಅಂತಾರ, ಹೆಸರು ಹೇಳಂಗಿಲ್ಲ. ಹೆಸರು ಹೇಳದೆ ಇರೋದರಿಂದ ರೋಗ ಹೋಗಲ್ಲ, ತಡ ಆಗ್ತದ ಅಷ್ಟೇ. ಆ ತಡವೇ ನಮ್ಮ ದೊಡ್ಡ ಸಮಸ್ಯೆ.

ಅಂಕಿ ಏನು ಹೇಳ್ತದ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 14.1 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳಿದ್ದವು. ಸತ್ತವರು ಸುಮಾರು 9.2 ಲಕ್ಷ. ಮೊದಲ ಸ್ಥಾನ ಸ್ತನ ಕ್ಯಾನ್ಸರ್‌ಗೆ, ಸುಮಾರು 1.92 ಲಕ್ಷ. ಎರಡನೆಯದು ತುಟಿ ಮತ್ತು ಬಾಯಿ ಕ್ಯಾನ್ಸರ್, 1.43 ಲಕ್ಷ. ಮೂರನೆಯದು ಗರ್ಭಕಂಠದ ಕ್ಯಾನ್ಸರ್, 1.27 ಲಕ್ಷ. ಈ ಮೂರನ್ನೂ ದೊಡ್ಡ ಯಂತ್ರವಿಲ್ಲದೆ, ಊರಿನ ಹತ್ತಿರವೇ ಮೊದಲ ತಪಾಸಣೆ ಮಾಡಿ ಅನುಮಾನ ಪಡಬಹುದು. ಅಂದರೆ ಸಾಯೋರಲ್ಲಿ ಬಹಳ ಮಂದಿಯನ್ನು ಉಳಿಸಿಕೊಳ್ಳಬಹುದಿತ್ತು.

ರೋಗ ಹೆಂಗ ಹುಟ್ತದ

ನಮ್ಮ ಮೈಯ ಜೀವಕೋಶಗಳು ಹುಟ್ತಾವ, ಸವೀತಾವ, ಸಾಯ್ತಾವ. ಕೋಶದೊಳಗಿನ ಡಿಎನ್ಎ ಕೆಟ್ಟು ಈ ಲೆಕ್ಕ ತಪ್ಪಿದರೆ ಕೆಲವು ಕೋಶ ಸಾಯದೆ ಬೆಳೀತಾ ಹೋಗ್ತಾವ. ಅದೇ ಗಡ್ಡೆ, ಅದೇ ಹುಣ್ಣು. ಮುಂದೆ ಪಕ್ಕದ ಅಂಗಕ್ಕೂ ದಾಟ್ತಾವ. ಇದು ಅಂಟುರೋಗ ಅಲ್ಲ. ರೋಗಿಯ ತಾಟಿನಲ್ಲಿ ಉಂಡರೆ, ಮಗ್ಗುಲಲ್ಲಿ ಮಲಗಿದರೆ ಬರಲ್ಲ. ಹಿಂದಿನ ಜನ್ಮದ ಪಾಪವೂ ಅಲ್ಲ.

ತಂಬಾಕಿನಲ್ಲಿರುವ ವಿಷ ಡಿಎನ್ಎಯನ್ನು ಕೆಡಿಸ್ತದ. ಅಡಿಕೆ ಏನೂ ಮಾಡಲ್ಲ ಅಂತ ಬಹಳ ಮಂದಿ ತಿಳಿದಾರ. ಅದು ತಪ್ಪು. ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ ಅದೇ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಜಗಿದು ಜಗಿದು ಗಲ್ಲದ ಒಳಚರ್ಮ ಬಿರುಸಾಗಿ, ಬಾಯಿ ತೆರೆಯೋದೇ ಕಡಿಮೆ ಆಗ್ತದ. ಕಟಕ ರೊಟ್ಟಿ ಮುರಿದು ಬಾಯಿಗೆ ಇಡಲಿಕ್ಕೆ ಬರಲ್ಲ, ಶೇಂಗಾ ಹಿಂಡಿ ತಿಂದರೆ ಉರೀತದ. "ಖಾರ ಹೆಚ್ಚಾಗ್ಯಾದ" ಅಂತ ಮನೆಯಾಕಿಗೆ ಬೈಯ್ತಾರ. ತಪ್ಪು ಖಾರದ್ದಲ್ಲ. ಹಲ್ಲಿಗೆ ಮಿಶ್ರಿ ಹಚ್ಚೋ ಹೆಣ್ಣುಮಕ್ಕಳಿಗೂ ಇದೇ ಅಪಾಯ. ಅದೂ ಸುಟ್ಟ ತಂಬಾಕೇ.

ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ ಬಹುತೇಕ ಎಚ್‌ಪಿವಿ ಎಂಬ ವೈರಸ್. ಅದಕ್ಕೆ ಲಸಿಕೆ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ದೇಶಿ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂತು. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಹೆಚ್ಚು ಲಾಭ.

ಪಕ್ಕದ ಜಿಲ್ಲೆ ಕಲಿಸಿದ ಪಾಠ

"ನಮ್ಮ ಹಳ್ಳ್ಯಾಗ ಇದೆಲ್ಲ ಆಗದ ಮಾತು" ಅನ್ನೋರಿಗೆ ಒಂದು ಉದಾಹರಣೆ. ಆಳಂದ ಗಡಿ ದಾಟಿದರೆ ಉಮರ್ಗಾ, ಅದು ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಆ ಜಿಲ್ಲೆಯ ಹಳ್ಳಿಗಳಲ್ಲೇ 1999ರಿಂದ 30ರಿಂದ 59 ವರ್ಷದ 1,31,746 ಮಹಿಳೆಯರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಮುಂಬೈನ ಟಾಟಾ ಆಸ್ಪತ್ರೆ, ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ ಕೂಡಿ ಮಾಡಿದ ಕೆಲಸ. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ 34,126 ಮಹಿಳೆಯರ ಗುಂಪಿನಲ್ಲಿ ಎಂಟು ವರ್ಷದಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ತವರು 34. ತಪಾಸಣೆ ಇಲ್ಲದ 31,488 ಮಹಿಳೆಯರಲ್ಲಿ ಸತ್ತವರು 64. ಫಲಿತಾಂಶ 2009ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಒಂದು ಗುಂಪನ್ನು ತಪಾಸಣೆ ಇಲ್ಲದೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆಯೂ ಎದ್ದಿತು, ಅದು ನ್ಯಾಯವಾದ ಪ್ರಶ್ನೆ. ಆದರೆ ಆ ಊರಿನ ಹೆಣ್ಣುಮಕ್ಕಳೂ ನಮ್ಮಂಗೇ ಹೊಲಕ್ಕೆ ಹೋಗೋರು. ಅಲ್ಲಿ ಆದದ್ದು ಜೇವರ್ಗಿ, ಅಫಜಲಪುರದಲ್ಲಿ ಯಾಕೆ ಆಗಬಾರದು?

ಚಿಕಿತ್ಸೆ ಎಲ್ಲಿ ತುಂಡಾಗ್ತದ

ಚಿಕಿತ್ಸೆ ಮುಖ್ಯವಾಗಿ ಮೂರು ದಾರಿ: ಆಪರೇಷನ್, ರೇಡಿಯೇಷನ್ (ಜನ "ಕರೆಂಟ್ ಕೊಡೋದು" ಅಂತಾರ) ಮತ್ತು ಕಿಮೋ. ಸಣ್ಣದಿದ್ದಾಗ ಸಿಕ್ಕರೆ ಎಷ್ಟೋ ಸಲ ಆಪರೇಷನ್ ಒಂದರಲ್ಲೇ ಮುಗೀತದ. ತಡವಾದರೆ ಮೂರೂ ಬೇಕಾಗಬಹುದು, ದವಡೆಯ ಭಾಗವನ್ನೇ ತೆಗೆಯಬೇಕಾಗಬಹುದು.

"ಸೂಜಿ ಚುಚ್ಚಿ ತುಣುಕು ತೆಗೆದರ ಹಬ್ಬತದ" ಅನ್ನೋ ಮಾತು ನಮ್ಮಲ್ಲಿ ಬಹಳ ಅದ. ಈ ಹೆದರಿಕೆಯಿಂದ ಬಯಾಪ್ಸಿ ಬಿಟ್ಟು ಬರೋರು ಕೈಲಿದ್ದ ಸಮಯವನ್ನೇ ಕಳಕೊಳ್ತಾರ. ಬಯಾಪ್ಸಿ ಇಲ್ಲದೆ ರೋಗ ಯಾವುದು ಅಂತ ಖಾತ್ರಿಯಾಗಲ್ಲ.

ಇನ್ನೊಂದು ಕಷ್ಟ ದೂರದ್ದು. ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರೇಳು ವಾರ. ದಿನಗೂಲಿಯವನಿಗೆ ಅಷ್ಟು ದಿನ ದುಡಿಮೆ ಇಲ್ಲ, ಜೊತೆಗೆ ಬಂದವರಿಗೂ ಇಲ್ಲ. ಬಸ್ ಚಾರ್ಜು, ಊಟ, ಖೋಲಿ ಬಾಡಿಗೆ ಯಾವ ಕಾರ್ಡಿನಲ್ಲೂ ಬರಲ್ಲ. ಮೂರು ವಾರಕ್ಕೆ "ಆರಾಮ ಅನಸ್ತದ" ಅಂತ ಅರ್ಧಕ್ಕೆ ಬಿಟ್ಟು ಬಂದರೆ ರೋಗ ತಿರುಗಿ ಬರುವ ಅಪಾಯ ಹೆಚ್ಚು. ಹೀಗಾಗಿ ಹತ್ತಿರದ ಆಸ್ಪತ್ರೆ ಅಂದರೆ ಅನುಕೂಲವಷ್ಟೇ ಅಲ್ಲ, ಜೀವದ ಮಾತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಯಿತು, ಅದರ ಕೇಂದ್ರ ಕಲಬುರಗಿಯಲ್ಲೇ ಇದೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲೆಗಳಲ್ಲಿ ಡೇ ಕೇರ್ ಕಿಮೋ ಕೇಂದ್ರ ಆರಂಭಿಸಿತು. ಅದೇ ವರ್ಷದ ಕೇಂದ್ರ ಬಜೆಟ್ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗೂ ಇಂಥ ಕೇಂದ್ರ ಅಂತ ಹೇಳಿದೆ. ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕಾದ ಪ್ರಶ್ನೆ ಇದು: ಯಂತ್ರ, ಡಾಕ್ಟರ್, ಔಷಧಿ ಮೂರೂ ವರ್ಷಪೂರ್ತಿ ಇಲ್ಲೇ ಸಿಗುವಂಗ ಮಾಡ್ತೀರೋ, ಇಲ್ಲವೋ?

ಖರ್ಚಿನ ಲೆಕ್ಕ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತಗೊಳ್ಳಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಿರುವ ಒಬ್ಬರಿಗೆ ಶೇ 75. ಆಸ್ಪತ್ರೆಯವರು ಕೊಡುವ ಪ್ರಮಾಣಪತ್ರ ಬೇಕು. ಇದು ಗೊತ್ತಿಲ್ಲದೆ ಹೊಲ ಒತ್ತೆ ಇಡೋದು ಬ್ಯಾಡ.

ಅಂಗಡಿಯವರಿಗೊಂದು ಮಾತು

ಅಂಗಡಿಕಾರರನ್ನು ಬೈದು ಬರೆಯೋದು ಸುಲಭ. ಚೀಟಿನ ಮ್ಯಾಲಿನ ಲಾಭ ಸಣ್ಣದು, ಆದರೆ ಚೀಟಿಗೆ ಬಂದ ಗಿರಾಕಿ ಬಿಸ್ಕತ್ತು, ಸಾಬೂನು ಒಯ್ತಾನ ಅನ್ನೋದೂ ಖರೆ. ಆದರೂ ಕಾನೂನು ಬದಲಾಗಿದೆ. 2025ರಲ್ಲಿ ರಾಷ್ಟ್ರಪತಿ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಾಲೆ, ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ. ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಕಡಗಂಚಿಯಂಥ ಊರಿಗೆ ಇದು ನೇರವಾಗಿ ತಟ್ಟುವ ಕಾನೂನು. ದಂಡಕ್ಕಿಂತ ದೊಡ್ಡ ಮಾತು ಇನ್ನೊಂದು: ದಿನವಿಡೀ ಚೀಟಿನ ಮುಂದೆ ಕೂಡೋರು ಅಂಗಡಿಯವರೇ. ಮೊದಲು ಚಟ ಹತ್ತೋದೂ ಅವರಿಗೇ, ಅವರ ಮಕ್ಕಳಿಗೇ.

ಇವತ್ತೇ ಮಾಡಬಹುದಾದ್ದು

ಕನ್ನಡಿ ಮುಂದೆ ನಿಂತು ಬಾಯಿ ತೆರೀರಿ. ನಿಮ್ಮ ಮೂರು ಬೆರಳು ಉದ್ದಕ್ಕೆ ಒಳಗೆ ಹೋಗ್ತಾವೇನು ನೋಡ್ರಿ. ಬಿಳಿ ಅಥವಾ ಕೆಂಪು ಕಲೆ, ಮೂರು ವಾರ ಕಳೆದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು ಇದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗ್ರಿ. ಹೆಣ್ಣುಮಕ್ಕಳು ಎದೆಯ ಗಂಟು, ಮುಟ್ಟು ನಿಂತ ಮ್ಯಾಲೆ ರಕ್ತ, ದುರ್ವಾಸನೆಯ ಬಿಳಿಸೆರಗು ಇದ್ದರೆ ನಾಚಿಕೆಪಡದೆ ತೋರಿಸಬೇಕು. ನೋವಿಲ್ಲ ಅಂತ ಸುಮ್ಮನಿರಬೇಡ್ರಿ, ಶುರುವಿನಲ್ಲಿ ಕ್ಯಾನ್ಸರ್ ಬಹಳ ಸಲ ನೋಯಲ್ಲ. 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯ ಸಿಬ್ಬಂದಿ ಮನೆಗೆ ಬಂದರೆ ಬಾಗಿಲು ಹಾಕ್ಕೋಬ್ಯಾಡ್ರಿ. ಬರದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಚಟ ಬಿಡಲು ಸಲಹೆ ಬೇಕಾದರೆ 1800-11-2356ಕ್ಕೆ ಪುಕ್ಕಟೆ ಫೋನ್ ಮಾಡಬಹುದು.

ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ಅವರ ತಾಟು ಬ್ಯಾರೆ ಇಡಬೇಡ್ರಿ. ಆಸ್ಪತ್ರೆಯ ತಾರೀಖು ಯಾವಾಗ ಅಂತ ಕೇಳ್ರಿ, ಆ ದಿನ ಅವರ ಜೊತೆ ಒಬ್ಬರು ಹೋಗ್ರಿ.